ಐದು ಕಿಲೋ ಮನುಷ್ಯ

ಗಾಂಗ್‌ಶಾನ್ ಊರಿನ ಸ್ಕ್ರೂ ಕಾರ್ಖಾನೆಗಳಲ್ಲಿ ಕೋ ಚಿಂಗ್‌ಶುಯಿಗೆ ‘ಐದು ಕಿಲೋ’ ಎಂದೇ ಹೆಸರು. ವಿಮಾನದವರು ಒಬ್ಬನಿಗೆ ಬಿಡುವ ಸಾಮಾನು ಇಪ್ಪತ್ಮೂರು ಕಿಲೋ. ಅದರಲ್ಲಿ ಹದಿನೆಂಟು ಗಿರಾಕಿಗಳಿಗೆ ತೋರಿಸುವ ಸ್ಕ್ರೂಗಳಿಗೆ, ಮಿಕ್ಕ ಐದು ಪೆಟ್ಟಿಗೆಯ ತೂಕವೂ ಸೇರಿ ಅವನಿಗೆ. ಮೂವತ್ತೊಂದು ವರ್ಷ ಹೀಗೇ ಜರ್ಮನಿ, ಪೋಲೆಂಡ್ ಸುತ್ತಿದ. ಇದ್ದದ್ದು ಎರಡೇ ಅಂಗಿ. ಒಂದನ್ನು ಹೋಟೆಲಿನ ಬಚ್ಚಲಲ್ಲಿ ಒಗೆದು ಹಾಕಿ ಇನ್ನೊಂದನ್ನು ತೊಡುತ್ತಿದ್ದ. ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನೂ ಅರ್ಧಕ್ಕೆ ಕತ್ತರಿಸಿದ್ದ. ಪೆಟ್ಟಿಗೆ ಎತ್ತಿ ನೋಡಿದರೆ ಸಾಕು, ಕಾಲು ಕಿಲೋ ಆಚೀಚೆಯಾಗದಂತೆ ತೂಕ ಹೇಳುತ್ತಿದ್ದ. ಅದೇ ಅವನ ಜಂಬ. ಜಂಬಪಡಲು ಮನುಷ್ಯನಿಗೆ ಏನಾದರೂ ಬೇಕಲ್ಲ.

ಹೆಂಡತಿ ತ್ಸಾಯ್‌ಯುನ್ ಪ್ರತಿ ಸಲವೂ ಪೆಟ್ಟಿಗೆಯೊಳಗೆ ಏನಾದರೂ ತುರುಕುತ್ತಿದ್ದಳು. ಒಂದು ಸಲ ಹುರುಳಿ ಗೊಜ್ಜಿನ ಶೀಶೆ, ಇನ್ನೊಂದು ಸಲ ಉಣ್ಣೆಯ ಬನಿಯನ್. ಇವನು ಪ್ರತಿ ಸಲವೂ ತೆಗೆದು ಮಂಚದ ಮೇಲಿಡುತ್ತಿದ್ದ.

“ಭಾರ ಆಗುತ್ತೆ,” ಅಷ್ಟೇ ಹೇಳುತ್ತಿದ್ದ.

ಇಪ್ಪತ್ತು ವರ್ಷದ ಹಿಂದೆ ಅವಳು ದಪ್ಪ ಉಣ್ಣೆಯ ಕಂದು ಕೋಟೊಂದನ್ನು ಕೊಂಡು ತಂದಳು. ಗಾಂಗ್‌ಶಾನಿನ ಸೆಕೆಯಲ್ಲಿ ಅದನ್ನು ಹಾಕಿಕೊಂಡರೆ ಜನ ನಗುತ್ತಾರೆ. ಅವಳಿಗೆ ಒಂದು ಸಲ ಹಿಮ ನೋಡಬೇಕಿತ್ತು.

“ನೀನು ಬಂದ್ರೆ ನಿನ್ನ ಇಪ್ಪತ್ಮೂರು ಕಿಲೋನೂ ಸ್ಕ್ರೂಗೇ ಹೋಗುತ್ತೆ,” ಎಂದು ಇವನು ನಕ್ಕಿದ್ದ. “ಈ ಸ್ಯಾಂಪಲ್ ಹೊರೋದು ತಪ್ಪಲಿ, ಕರ್ಕೊಂಡು ಹೋಗ್ತೀನಿ.”

ಆ ಮಾತನ್ನು ಅವಳು ನಂಬಿದಳು. ಕೋಟು ದೇವರ ಗೂಡಿನ ಪಕ್ಕದ ಮೊಳೆಗೆ ತೂಗುಬಿತ್ತು.

ಕಳೆದ ವಾರ ಹೊಸ ಯಜಮಾನ, ಹಳೆಯವನ ಮಗ, ಇವನನ್ನು ಕರೆಸಿದ.

“ಕೋ ಚಿಕ್ಕಪ್ಪ, ಇನ್ನು ಸ್ಯಾಂಪಲ್ ಹೊರಬೇಡಿ. ಎಲ್ಲಾ ಕೊರಿಯರಲ್ಲೇ ಹೋಗುತ್ತೆ. ನೀವು ಹೋಗಿ ಹಳೇ ಗಿರಾಕಿಗಳಿಗೆಲ್ಲ ಒಂದು ಮಾತು ಹೇಳಿ ಬನ್ನಿ. ಆಮೇಲೆ ಮನೇಲಿ ಆರಾಮಾಗಿರಿ.”

ಕೆಲಸ ಮುಗಿಯಿತು ಎನ್ನುವುದನ್ನು ಈಗಿನವರು ಹೀಗೆ ನಯವಾಗಿ ಹೇಳುತ್ತಾರೆ. ಚಿಂಗ್‌ಶುಯಿ ಮನೆಗೆ ಬಂದು ಪೆಟ್ಟಿಗೆ ತೆರೆದ. ಇಪ್ಪತ್ಮೂರು ಕಿಲೋವೂ ಈಗ ಅವನದೇ. ಎರಡು ಅಂಗಿ ಇಟ್ಟ. ಇನ್ನೇನು ಇಡಬೇಕೆಂದು ಅವನಿಗೆ ತೋಚಲಿಲ್ಲ.

“ಈಗ ಜಾಗ ಇದೆ ನೋಡು,” ಎಂದ.

ತ್ಸಾಯ್‌ಯುನ್ ಆಗತಾನೇ ಡಯಾಲಿಸಿಸ್ ಮುಗಿಸಿ ಬಂದು ಕೂತಿದ್ದಳು. ಮೂರು ವರ್ಷದಿಂದ ವಾರಕ್ಕೆ ಮೂರು ದಿನ ಅದೇ ಆಸ್ಪತ್ರೆ, ಅದೇ ಹಾಸಿಗೆ. ನೀರು ಕೂಡ ಲೋಟದಲ್ಲಿ ಅಳೆದೇ ಕುಡಿಯಬೇಕು.

“ಮುದುಕಾ, ನನ್ನನ್ನೂ ಈಗ ಪ್ರತಿ ಸಲ ತೂಗ್ತಾರೆ ಕಣೋ. ಇವತ್ತು ಮೈಯಲ್ಲಿ ಎರಡು ಕಿಲೋ ನೀರು ಹೆಚ್ಚಿಗೆ ತಂದಿದೀಯ ಅಂತ ನರ್ಸು ಬೈದಳು,” ಎಂದಳು. “ನಿನ್ನ ವಿಮಾನದವರಿಗಿಂತ ಕಡೆ.”

ಅವನಿಗೆ ನಗು ಬರಲಿಲ್ಲ. ಹತ್ತು ದಿನದ ಪ್ರಯಾಣಕ್ಕೆ ಅವಳನ್ನು ಕರೆದೊಯ್ಯುವ ಮಾತೇ ಇರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು.

ಹೊರಡುವ ದಿನ ಬೆಳಿಗ್ಗೆ ಅವನು ಕೋಟನ್ನು ಮೊಳೆಯಿಂದ ಇಳಿಸಿದ.

“ಇದನ್ನ ಅಲ್ಲಿ ಹಿಮದಲ್ಲಿ ಇಟ್ಟು ಫೋಟೋ ತೆಗೆದು ಕಳಿಸ್ತೀನಿ,” ಎಂದ. ಹೇಳುವಾಗಲೇ ನಾಚಿಕೆಯಾಯಿತು. ಮಡಿಸಿ ಪೆಟ್ಟಿಗೆಯಲ್ಲಿಟ್ಟು ಎತ್ತಿ ನೋಡಿದ, ಏಳು ಕಿಲೋ. ಮುಖ ತೊಳೆಯಲು ಒಳಗೆ ಹೋದ.

ಟ್ಯಾಕ್ಸಿ ಬಂದಾಗ ಬಾಗಿಲಲ್ಲಿ ಪೆಟ್ಟಿಗೆ ಎತ್ತಿದ. ಕೈಗೆ ತಿಳಿಯಿತು, ಐದು ಕಿಲೋ. ತಿರುಗಿ ನೋಡಿದ. ಕೋಟು ಮೊಳೆಗೆ ಮರಳಿತ್ತು. ತ್ಸಾಯ್‌ಯುನ್ ಅದರ ತೋಳಿನ ಸುಕ್ಕನ್ನು ಕೈಯಲ್ಲಿ ನೀವುತ್ತಿದ್ದಳು.

“ಭಾರ ಆಗುತ್ತೆ,” ಎಂದಳು.