ಎದೆಮಟ್ಟದ ಬಾಗಿಲು

ದಾಂಡೇಲಿಯಲ್ಲಿ ನನ್ನ ಗಂಡ ಕೆಲಸಕ್ಕಿದ್ದ ಕಟ್ಟಿಗೆ ಅಡ್ಡೆ ಮುಚ್ಚಿದ ಮೇಲೆ ನಾವು ಹಳಿಯಾಳಕ್ಕೆ ಬಂದೆವು. ಅಲ್ಲಿನ ಕ್ಷೌರದಂಗಡಿಯ ಕ್ಯಾಲೆಂಡರಿನಲ್ಲಿ, ಹಿಮದ ನಡುವೆ ನಿಂತ ಮರದ ದಿಮ್ಮಿಗಳ ಮನೆಯೊಂದನ್ನು ಕಂಡು ಅವರು ಅರ್ಧ ಗಡ್ಡ ಬೋಳಿಸಿಕೊಂಡೇ ಓಡಿ ಬಂದರು.

“ಇಂಥಾ ಮನಿ ಮಾಡಿ ಮಾರೂಣು!”

ಹಿತ್ತಲಲ್ಲಿ ನೀಲಗಿರಿ ದಿಮ್ಮಿಗಳನ್ನು ಒಂದರ ಮೇಲೊಂದು ಪೇರಿಸಿ ಕಟ್ಟಿಯೇಬಿಟ್ಟರು. ಚಿತ್ರದಲ್ಲಿದ್ದ ಹೊಗೆಕೊಳವೆಯನ್ನೂ ಬಿಡಲಿಲ್ಲ. ಅದರಲ್ಲಿ ಗುಬ್ಬಿಗಳು ಸಂಸಾರ ಹೂಡಿದವು. ಒಳಗೆ ಹೋದವರ ನೆಗಡಿ ನೀಲಗಿರಿ ವಾಸನೆಗೇ ಬಿಡುತ್ತಿತ್ತು.

ಅದನ್ನು ಕೊಂಡವರು ಜೋಯಿಡಾ ತಾಲ್ಲೂಕಿನ ರಾಮನಗರದ ಒಬ್ಬ ವ್ಯಾಪಾರಿ. ಅವರ ಹೊಲದಲ್ಲಿ ಮತ್ತೆ ಜೋಡಿಸಲು ಅನುಕೂಲವಾಗಲೆಂದು ಗಂಡ ದಿಮ್ಮಿಗಳಿಗೆ ಕೆಳಗಿನಿಂದ ಮೇಲಕ್ಕೆ ಡಾಂಬರಿನಲ್ಲಿ ಕನ್ನಡ ಅಂಕಿ ಬರೆದು, ಮನೆ ಬಿಚ್ಚಿ ಲಾರಿಗೇರಿಸಿದರು. ಅಷ್ಟರಲ್ಲಿ ಜ್ವರ ಬಂದು ತಾವು ಹೋಗಲಾಗಲಿಲ್ಲ. ಅಲ್ಲಿಯ ಬಡಗಿಗಳು ಓದಿದ್ದು ಮರಾಠಿ ಶಾಲೆಯಲ್ಲಿ. ನಮ್ಮ ‘೧’ ಅವರ ಕಣ್ಣಿಗೆ ಸೊನ್ನೆಯಾಗಿ ಕಂಡಿತು. ಬಾಗಿಲಿನ ಮೇಲೆ ಕೂರಬೇಕಾದ ಹತ್ತರಿಂದ ಹದಿನೈದರವರೆಗಿನ ದಿಮ್ಮಿಗಳೆಲ್ಲ ಸೊನ್ನೆಯಿಂದ ಶುರುವಾಗುತ್ತವಲ್ಲ, ಇವೇ ಮೊದಲಿನವು ಎಂದುಕೊಂಡು ಅಡಿಯಲ್ಲಿ ಹಾಕಿದರು. ಬಾಗಿಲು ಎದೆಯ ಮಟ್ಟಕ್ಕೇರಿತು.

ಸುದ್ದಿ ಕೇಳಿ ನಾವು ಬಸ್ಸು ಹತ್ತಿ ಹೋದರೆ, ವ್ಯಾಪಾರಿ ಹೊಸ್ತಿಲಲ್ಲಿ ಕಾಲು ಇಳಿಬಿಟ್ಟು ಚಹಾ ಕುಡಿಯುತ್ತಿದ್ದರು.

“ಬರ್ರಿ, ಹತ್ರಿ ಮ್ಯಾಲ!”

“ತಪ್ಪಾಗೇತ್ರಿ, ಬಿಚ್ಚಿ ಸರಿ ಮಾಡ್ತೇನಿ,” ಎಂದರು ಗಂಡ.

“ಕೈ ಹಚ್ಚಬ್ಯಾಡ್ರಿ! ಹಂದಿ ಬರೂದಿಲ್ಲ, ನಾಯಿ ಬರೂದಿಲ್ಲ. ನನ್ನ ಹೆಂಡತಿ ತಮ್ಮಾನೂ ಬರೂದಿಲ್ಲ, ಅವಂಗ ಮಂಡಿನೋವು ಐತಿ.”

ಆಮೇಲೆ ಜೋಯಿಡಾದಿಂದ, ಅಣಶಿಯಿಂದ ಜನ ಹುಡುಕಿಕೊಂಡು ಬಂದರು. ಎಲ್ಲರಿಗೂ ಬೇಕಾದದ್ದು ಮೇಲಿನ ಬಾಗಿಲಿನ ಮನೆಯೇ. ಹಿತ್ತಲು ಸಾಲದೆ ಬಸ್ ಸ್ಟ್ಯಾಂಡಿನ ಹಿಂದೆ ಶೆಡ್ ಹಾಕಿದೆವು, ಆಳುಗಳನ್ನಿಟ್ಟೆವು. ಊರೆಲ್ಲ ಹೊಗಳುತ್ತಿದ್ದರೂ ಗಂಡನ ಮುಖ ಮಾತ್ರ ಸಪ್ಪಗಿರುತ್ತಿತ್ತು.

“ಮನಿಗೆ ಹೋಗೂದಂದ್ರ ನಡಕೋತ ಹೋಗೂದಲ್ಲೇನ?” ಎಂದು ಊಟದ ನಡುವೆ ಕೇಳುತ್ತಿದ್ದರು.

“ಜನಾ ಕೇಳಿದ್ದ ಮಾಡ್ರಿ,” ಎನ್ನುತ್ತಿದ್ದೆ ನಾನು.

ಕೊನೆಗೊಮ್ಮೆ ಮುಂಡಗೋಡದಿಂದ ಅಜ್ಜಿಯೊಬ್ಬಳು ಬಂದಳು. “ನಂಗ ಹತ್ತಾಕ ಆಗೂದಿಲ್ಲೋ ಯಪ್ಪಾ. ಬಾಗಲಾ ನೆಲಕ್ಕಿಡು.”

ಗಂಡ ಅವಳ ಕಾಲಿಗೆ ಬೀಳುವುದೊಂದು ಬಾಕಿ. ಆ ಮನೆ ಜೋಡಿಸಲು ಯಾರನ್ನೂ ಕಳಿಸದೆ ತಾವೇ ಹೋದರು. ನಾನೂ ಜೊತೆಗಿದ್ದೆ. ಕೆಲಸ ಮುಗಿದ ಮೇಲೆ ಬಾಗಿಲಿನಿಂದ ಒಳಗೆ ಹೋದರು, ಹೊರಗೆ ಬಂದರು, ಮತ್ತೆ ಒಳಗೆ ಹೋದರು. ಅಜ್ಜಿ ನನ್ನ ಕಿವಿಯ ಬಳಿ ಬಾಗಿ ಕೇಳಿದಳು:

“ಇವಂಗ ಏನರ ಕಳದೈತೇನವ್ವಾ?”