ಎರಡು ದೋಣಿಯ ವಿಮಾನ

ಮಂಜು ತಾಂಡೇಲರು ಚಪ್ಪಲಿ ಕಳಚದೆ ವಿಮಾನ ಹತ್ತಿದವರೇ ಅಲ್ಲ. ವಿಮಾನವಿದ್ದದ್ದು ಕುಂದಾಪುರದ ಕೋಡಿಯಲ್ಲಿ, ನಮ್ಮ ಮನೆಯ ಚಾವಡಿ ಮೂಲೆಯ ಕಂಪ್ಯೂಟರಿನೊಳಗೆ. ಸಕ್ಕರೆ ಕಾಯಿಲೆಯ ಕಾಲಿಗೆಂದು ಡಾಕ್ಟರು ಮನೆಯೊಳಗೂ ಹಾಕಿಕೊಳ್ಳಲು ಹೇಳಿದ್ದ ಮೆತ್ತನೆಯ ಚಪ್ಪಲಿಯನ್ನು ಕುರ್ಚಿಯ ಬುಡದಲ್ಲಿ ಜೋಡಿಸಿಟ್ಟು, ಜಾಯ್‌ಸ್ಟಿಕ್ಕನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ಆಮೇಲೆಯೇ ಕೂರುತ್ತಿದ್ದರು.

"ಮಾವ, ಇದ್ ಆಟ ಮಾರ್ರೆ. ಚಪ್ಪಲಿ ಇದ್ರೂ ಹಾರತ್ತ್."

"ದೋಣಿಗೆ ಚಪ್ಪಲಿ ಮೆಟ್ಕಂಡ್ ಹತ್ತುಕಾಗ."

"ಇದ್ ದೋಣಿ ಅಲ್ದಲೆ!"

"ಕೆಳ್ಗ್ ಎರಡ್ ದೋಣಿ ಕಟ್ಟಿರ್ ಅಲ್ದನಾ? ನಿಂಗೆ ಕಣ್ಣ್ ಕಾಂತಿಲ್ಯಾ?"

ತಾಂಡೇಲ ಎಂದರೆ ಮೀನುಗಾರಿಕೆ ದೋಣಿಯ ಮುಖ್ಯಸ್ಥ. ಚುಕ್ಕಾಣಿ ಅವನದು, ಬಲೆ ಎಲ್ಲಿ ಬಿಡಬೇಕೆಂಬ ಮಾತು ಅವನದು, ಜೊತೆಗಿರುವ ಮೂವತ್ತು ಜನರ ಜೀವವೂ ಅವನದೇ ಹೊಣೆ. ಮಂಜು ಮಾವ ನಲವತ್ತು ವರ್ಷ ಆ ಕೆಲಸ ಮಾಡಿ, ಎದೆಗೆ ಎರಡು ಸ್ಟೆಂಟ್ ಹಾಕಿಸಿಕೊಂಡು, ಡಾಕ್ಟರು "ಇನ್ನು ಕಡಲಿಗೆ ಹೋಗಬಾರದು" ಎಂದ ಮೇಲೆ ದೋಣಿಯನ್ನು ಅಕ್ಕನ ಮಗನ ಕೈಗೆ ಕೊಟ್ಟು ಪಕ್ಕದ ಮನೆಯ ಜಗಲಿಯಲ್ಲಿ ಕೂತಿದ್ದರು. ಕೂತಿದ್ದರು ಎನ್ನುವುದು ನನ್ನ ಮರ್ಯಾದೆಯ ಮಾತು. ಬೋನಿಗೆ ಹಾಕಿದ ಹುಲಿಯ ಹಾಗೆ ಜಗಲಿಯ ಈ ತುದಿಯಿಂದ ಆ ತುದಿಗೆ ತಿರುಗುತ್ತಿದ್ದರು.

ಅವರನ್ನು ನನಗೆ ಒಪ್ಪಿಸಿದ್ದು ಅವರ ಹೆಂಡತಿ ಸುಶೀಲಕ್ಕ. "ಮಗಾ, ನಿನ್ನ ಆ ಪೆಟ್ಟಿಗ್ಯಂಗೆ ಇವ್ರನ್ನ್ ಸ್ವಲ್ಪ ಹೊತ್ತ್ ಕೂರ್ಸ್ಕಣಾ. ಇಲ್ದಿರೆ ಒಂದಿನ ನಂಗ್ ಹೇಳ್ದೆ ದೋಣಿ ಹತ್ತುತ್ರ್. ನನ್ನ ಅಪ್ಪಯ್ಯ ಹಾಂಗೇ ಹೋದರ್, ವಾಪಸ್ ಬರ್ಲಿಲ್ಲೆ." ಅಷ್ಟು ಹೇಳಿ ಸೆರಗಿನಿಂದ ಮೂಗು ಒರೆಸಿಕೊಂಡರು. ನಾನು ಮದುವೆ ಮನೆಗಳಲ್ಲಿ ಮಿಮಿಕ್ರಿ ಮಾಡುವವನು. ಕೋಳಿಯಿಂದ ಹಿಡಿದು ಶಾಸಕರವರೆಗೆ ಎಲ್ಲರ ಸ್ವರವೂ ಬರುತ್ತದೆ. ನನ್ನ ಸ್ವಂತ ಸ್ವರಕ್ಕೆ ಮಾತ್ರ ಈವರೆಗೆ ಯಾರೂ ಚಪ್ಪಾಳೆ ತಟ್ಟಿಲ್ಲ. ಅಂಥವನನ್ನು ನಂಬಿ ಗಂಡನನ್ನು ಕೊಟ್ಟರಲ್ಲ, ಆ ತಾಯಿಯ ಧೈರ್ಯ ದೊಡ್ಡದು.

ವಿಮಾನ ಹಾರಿಸುವ ಈ ಆಟದ, ಎಂದರೆ ಸಿಮ್ಯುಲೇಟರಿನ, ಜೊತೆ ಬರುವ ವಿಮಾನಗಳಿಂದ ನನ್ನಂಥವರಿಗೆ ಹೊಟ್ಟೆ ತುಂಬುವುದಿಲ್ಲ. ಲೋಕದ ಮೂಲೆ ಮೂಲೆಯ ಹವ್ಯಾಸಿಗಳು ಕೂತು ಮಾಡಿದ ಹೆಚ್ಚುವರಿ ವಿಮಾನಗಳನ್ನು ಇಳಿಸಿಕೊಂಡು ಸೇರಿಸುತ್ತಾ ಹೋಗುತ್ತೇವೆ. ಇವಕ್ಕೆ ಆ್ಯಡ್-ಆನ್ ಎಂದು ಹೆಸರು. ನನ್ನ ಬಳಿ ಅಂಥವು ಮೂವತ್ತೆಂಟು. ಒಂದೊಂದನ್ನೂ ಮಾವನ ಮುಂದೆ ಮೀನುಪೇಟೆಯ ಹೆಂಗಸರ ಸ್ವರದಲ್ಲಿ ಕೂಗಿ ಇಟ್ಟೆ: "ಬನ್ನಿ ಒಡೆಯಾ, ಈಗಷ್ಟೇ ದಡಕ್ಕೆ ಬಂದದ್ದ್!"

ಮಾವ ಮೀನಿನ ಕಿವಿರು ಎತ್ತಿ ನೋಡುವವರ ಹಾಗೆ ಪರೀಕ್ಷಿಸಿದರು. ನಾನ್ನೂರು ಜನರ ಜೆಟ್ ವಿಮಾನಕ್ಕೆ, "ಇದ್ರಂಗೆ ಎಂತ ಇತ್ತ್? ಗುಂಡಿ ಒತ್ತುದ್, ಕೂಕಂಬುದ್." ಯುದ್ಧವಿಮಾನಕ್ಕೆ, "ಇಷ್ಟ್ ಅರ್ಜೆಂಟ್ ಎಲ್ಲಿಗ್ ಹೋಪುಕೆ?" ಹೆಲಿಕಾಪ್ಟರಿಗೆ ಬರೀ ಮೂಗು ಮುರಿದರು. ಕೊನೆಗೆ ಬಂದದ್ದು, ಒಂದೇ ಎಂಜಿನ್ನಿನ, ಚಕ್ರಗಳ ಜಾಗದಲ್ಲಿ ಎರಡು ಉದ್ದನೆಯ ದೋಣಿಗಳಿರುವ ಹಳದಿ ವಿಮಾನ. ನೀರಿನಿಂದಲೇ ಏರುತ್ತದೆ, ನೀರಿಗೇ ಇಳಿಯುತ್ತದೆ. ಮಾವ ಪರದೆಯ ಹತ್ತಿರ ಬಗ್ಗಿ ಆ ದೋಣಿಗಳ ಅಡಿಯನ್ನೇ ಬಹಳ ಹೊತ್ತು ನೋಡಿದರು. "ಇದನ್ನ್ ಮಾಡ್ದಂವ ಕಡಲ್ ಕಂಡಿದ" ಎಂದರು. ಮರುದಿನ ಸುಶೀಲಕ್ಕ ದಾಸವಾಳ, ಕುಂಕುಮ ಹಿಡಿದು ಬಂದರು. ಹೊಸ ದೋಣಿಗೆ ಪೂಜೆಯಾಗದೆ ನೀರಿಗಿಳಿಸುವ ಪದ್ಧತಿಯಿಲ್ಲವಂತೆ. ತೆಂಗಿನಕಾಯಿ ಅಂಗಳದಲ್ಲಿ ಒಡೆಯಿತು. ಮಾನಿಟರಿನ ಅಂಚಿನಲ್ಲಿ ಕುಂಕುಮ ಈಗಲೂ ಇದೆ.

ಆಮೇಲೆ ಮಾವನಿಗೆ ಬೇರೆ ವಿಮಾನ ಕಣ್ಣಿಗೆ ಬೀಳಲಿಲ್ಲ. ಬೈಂದೂರಿನ ಬಂಡೆಗಳ ಬಳಿ ಏರಿ, ಕಿರಿಮಂಜೇಶ್ವರ, ಮರವಂತೆ ದಾಟಿ, ಬ್ರಹ್ಮಾವರದ ಹೊಳೆಯವರೆಗೆ ಹೋಗಿ ತಿರುಗುತ್ತಿದ್ದರು. ಊರೆಲ್ಲ ಅವರಿಗೆ ಕಡಲ ಕಡೆಯಿಂದ ಗೊತ್ತು. ಸಾಸ್ತಾನದ ಮೇಲೆ ಹಾರುವಾಗ ಟೋಲ್ ಗೇಟ್ ಕಂಡು, "ಓ, ಇದ್ರ್ ಹಿಂದ್ಬದಿ ಹೀಂಗಿತ್ತಾ!" ಎಂದು ಮಗುವಿನಂತೆ ನಕ್ಕರು. ಹೆದ್ದಾರಿಯ ಬದಿ ಅವರಿಗೆ ಹಿಂಬದಿ.

ಎಲ್ಲ ಸರಿ, ಇಳಿಸುವುದೊಂದು ಬಿಟ್ಟು. ಅವರಿಗೆ ಗಂಗೊಳ್ಳಿಯ ಅಳಿವೆಯಲ್ಲೇ ಇಳಿಯಬೇಕು, ಹೊಳೆ ಕಡಲಿಗೆ ಸೇರುವ ಆ ಬಾಯಲ್ಲಿ. ದೋಣಿಯವರು ಅಳಿವೆಗೆ ಬರುವುದು ಕಡಲಿನಿಂದ, ಒಂದು ತೆರೆಯ ಬೆನ್ನು ಹಿಡಿದು, ಗಾಳಿಯನ್ನು ಹಿಂದಕ್ಕಿಟ್ಟುಕೊಂಡು. ವಿಮಾನ ಇಳಿಯಬೇಕಾದದ್ದು ಗಾಳಿಗೆ ಎದುರಾಗಿ, ಎಂದರೆ ಮೂಡಣ ಹೆದ್ದಾರಿ ಸೇತುವೆಯ ಕಡೆಯಿಂದ. ಮಾವ ಪ್ರತಿ ಸಲವೂ ಪಡುವಣ ಕಡಲಿನಿಂದಲೇ ಬಂದರು. ಗಾಳಿ ಹಿಂದಿನಿಂದ ನೂಕಿತು. ಹಳದಿ ವಿಮಾನ ಪ್ರತಿ ಸಲವೂ ಮಗುಚಿತು.

ನಾನು ವೈರ್‌ಲೆಸ್ಸಿನ ಕರಕರ ಸ್ವರ ಮಾಡಿ, "ಹಲೋ ಗಂಗೊಳ್ಳಿ, ತಾಂಡೇಲ್ರ್ ಹನ್ನೊಂದನೇ ಸಲ ನೀರಿಗ್ ಬಿದ್ರ್, ಓವರ್" ಎನ್ನುತ್ತಿದ್ದೆ. "ಮಾವ, ಸೇತುವೆ ಬದಿಂದ ಬನ್ನಿ, ಗಾಳಿಗ್ ಮುಖ ಕೊಟ್ಟ್ ಇಳಿನಿ" ಎಂದರೆ ಸಿಟ್ಟು. "ನೀ ನಂಗೆ ಗಾಳಿ ಪಾಠ ಹೇಳ್ತ್ಯಾ? ಅಳಿವೆಗೆ ಬಪ್ಪು ದಾರಿ ಒಂದೇ."

ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ದೋಣಿಗಳು ಮತ್ತೆ ಇಳಿಯುವ ಮುಂಚಿನ ಸಂಜೆ ಮಾವ ಬಂದು, ಚಪ್ಪಲಿಯನ್ನೂ ಕಳಚದೆ, ನಿಂತೇ ಹೇಳಿದರು: "ನಾಳೆ ಬೆಳಿಗ್ಗೆ ದೋಣಿಯಂಗೆ ಕಡಲಿಗ್ ಹೋತೆ. ಒಂದೇ ಸಲ. ಸುಶೀಲಂಗೆ ಹೇಳಿಯೇ ಹೋತೆ, ಹೇಳಿಯಾಯ್ತ್." ಅವರ ಹಿಂದೆ ಬಾಗಿಲಲ್ಲಿ ಸುಶೀಲಕ್ಕ. ಅಳುತ್ತಿರಲಿಲ್ಲ, ಅದೇ ಹೆದರಿಕೆ ಹುಟ್ಟಿಸುವಂತಿತ್ತು.

ನನಗೊಂದು ಬುದ್ಧಿ ಹೊಳೆಯಿತು, ಅದೂ ಕಳ್ಳಬುದ್ಧಿ. "ಆಯ್ತ್ ಮಾವ. ಒಂದ್ ಸಲ ಅಳಿವಿಯಂಗೆ ಇಳ್ಸಿ ತೋರ್ಸಿ. ಮಗುಚ್ರೆ ಹೋಪುಕಿಲ್ಲೆ."

"ಮಗುಚ್ದಿರೆ?"

"ನಾನೇ ದಡಕ್ಕ್ ಬಂದ್ ಕೈ ಬೀಸ್ತೆ."

ಚಪ್ಪಲಿ ಕಳಚಿದರು. ಅವರು ಕಡಲ ಮೇಲೆ ಹಾರುತ್ತಿರುವಾಗ ನಾನು ಮೆಲ್ಲಗೆ ಹವಾಮಾನದ ಪುಟ ತೆರೆದು ಪಡುಗಾಳಿಯನ್ನು ದುಪ್ಪಟ್ಟು ಮಾಡಿದೆ. ಹಿಂದಿನಿಂದ ಅಷ್ಟು ಗಾಳಿ ನೂಕಿದರೆ ದೇವರಿಗೂ ಇಳಿಸಲಾಗದು. ಮಾವ ಪರದೆಯ ಮೇಲಿನ ನೊರೆಯ ಗೆರೆಗಳನ್ನು, ಅದರಲ್ಲೇ ಗಾಳಿಯ ಬಲ ಓದುವವರಂತೆ, ದಿಟ್ಟಿಸಿದರು. ಅಳಿವೆಯತ್ತ ತಿರುಗಿದವರು ಇಳಿಯಲಿಲ್ಲ. ಹಾಗೇ ಹೊಳೆಯ ಮೇಲೆ ಮುಂದುವರಿದು ಹೆದ್ದಾರಿಯ ಸೇತುವೆ ದಾಟಿ, ಅಲ್ಲಿ ಅಗಲವಾಗಿ ತಿರುಗಿ, ಪಶ್ಚಿಮಕ್ಕೆ ಮುಖ ಮಾಡಿ ಬಂದರು. ನಾನೇ ತುಂಬಿದ್ದ ಗಾಳಿ ಎದುರಿನಿಂದ ಅಂಗೈಯಂತೆ ವಿಮಾನವನ್ನು ತಡೆದು ಹಿಡಿಯಿತು. ಎರಡು ದೋಣಿಗಳೂ ನೀರನ್ನು ಒಟ್ಟಿಗೇ ಮುಟ್ಟಿದವು. ಒಂದು ಹನಿ ತುಳುಕಲಿಲ್ಲ.

ಹೇಳಿದ ಪಾಠ ಹೇಳಿದವನಿಗೇ ತಿರುಗಿಬಿದ್ದಿತ್ತು. ಮಾವ ಪರದೆಯನ್ನೇ ನೋಡುತ್ತಾ ಕೂತರು, ಎದ್ದರು, ಹೋದರು. ಸುಶೀಲಕ್ಕ ನನ್ನ ಮುಖ ನೋಡಲಿಲ್ಲ.

ಬೆಳಿಗ್ಗೆ ಆರಕ್ಕೆ ದೋಣಿಗಳ ಎಂಜಿನ್ ಸದ್ದು ಅಳಿವೆಯ ಕಡೆಯಿಂದ ಕೇಳಿತು. ಮಾತು ಕೊಟ್ಟಿದ್ದೆನಲ್ಲ, ಕೈ ಬೀಸಲು ಹೊರಟು ಬಾಗಿಲು ತೆಗೆದರೆ ಹೊಸ್ತಿಲಲ್ಲೇ ಮಾವ. "ಹ್ವಾಯ್, ಎದ್ದ್ಯಾ? ಕಂಪ್ಯೂಟರ್ ಹಾಕ್ ಕಾಂಬ." ಯಾಕೆ ಹೋಗಲಿಲ್ಲವೆಂದು ಕೇಳಲಿಲ್ಲ. ಕೇಳಿದರೆ ಮನಸ್ಸು ಬದಲಾಯಿಸಿಯಾರೆಂದು, ಹುಟ್ಟಿದ ಮೇಲೆ ಮೊದಲ ಬಾರಿಗೆ ಬಾಯಿ ಮುಚ್ಚಿಕೊಂಡೆ.

ಕೇಳಿದ್ದು ಈ ಬೇಸಗೆಯಲ್ಲಿ, ಅವರು ಹಾಸಿಗೆ ಹಿಡಿದ ಮೇಲೆ. ನಾನು ಲ್ಯಾಪ್‌ಟಾಪ್ ಹೊತ್ತುಕೊಂಡು ಅವರ ಮಂಚದ ಬಳಿಗೆ ಹೋಗಿದ್ದೆ. ಹಳದಿ ವಿಮಾನವನ್ನು ಸೇತುವೆಯ ಕಡೆಯಿಂದ ಇಳಿಸಿ ತೋರಿಸಿದೆ. ಮಾವ ನೋಡಿದರು.

"ಅವತ್ತ್ ಗಾಳಿ ಜಾಸ್ತಿ ಮಾಡಿದ್ದ್ ನೀನೇ ಅಲ್ದನಾ, ಕಳ್ಳಾ?"

"ಹೌದ್ ಮಾವ. ಆದ್ರೂ ನೀವ್ ಗೆದ್ರಿ. ಗೆದ್ದಂವ್ರ್ ಎಂತಕ್ಕೆ ಹೋಯ್ಲಿಲ್ಲೆ?"

ಉಸಿರು ಸುಧಾರಿಸಿಕೊಂಡು ಹೇಳಿದರು. "ನಲ್ವತ್ತ್ ವರ್ಷ ಮನಿಗ್ ಬಪ್ಪು ಹೊತ್ತಿಗೆ ಕಡಲ್ ಬೆನ್ನಿಗೇ ಇದ್ದಿತ್. ಯಾವ ತೆರಿ ಮಗುಚತ್ತೋ ಅಂದೇಳಿ ಜೀವ ಕೈಯಂಗೆ. ಅವತ್ತ್ ಸೇತುವೆ ಬದಿಂದ ಬಂದೆ ಕಾಣ್, ಕಡಲ್ ಎದ್ರಿಗೇ. ಅದ್ರ್ ಮುಖ ಕಾಂತಾ ಕಾಂತಾ ಮನಿಗ್ ಬಂದದ್ದ್ ಅದೇ ಮೊದಲ್. ಮತ್ತೆ ಕಡಲಿಗ್ ಹೋಯ್ಕ್ ಅಂದೇಳಿ ಕಾಣ್ಲಿಲ್ಲೆ ಮಗಾ."

ಅದಾಗಿ ಐದನೆಯ ದಿನ, ಗಂಜಿ ಕುಡಿದು ಮಲಗಿದಲ್ಲೇ ಹೋದರು. ನಾನು ಓಡಿ ಹೋದಾಗ ಸುಶೀಲಕ್ಕ ಅವರ ಕೈಯನ್ನು ತಮ್ಮ ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ನನ್ನನ್ನು ಹತ್ತಿರ ಕೂರಿಸಿಕೊಂಡು, ಯಾರಿಗೂ ಕೇಳಿಸದಂತೆ ಹೇಳಿದರು:

"ಕಡಲ್ ಕೊಂಡೋಯ್ಲಿಲ್ಲೆ ಮಗಾ. ನನ್ನ ಕೈಯಂಗೇ ಹೋದ್ರ್."