ಹೆಡ್‌ಮಿಸ್ ಜೊತೆ ಕಲಿತ ಶನಿವಾರಗಳು

ಕಳೆದ ವಾರ ಮದರಾಸಿನ ಅಡ್ಯಾರಿನಲ್ಲಿ ನಾನು ಪಾಠ ಮಾಡುವ ಶಾಲೆಗೆ ಮಕ್ಕಳಿಗೆ ಪಾಠ ಹೇಳಿಕೊಡುವ ಹೊಸ ಯಂತ್ರಗಳು ಬಂದವು. ಪೆಟ್ಟಿಗೆ ಒಡೆಯುತ್ತಿದ್ದಂತೆ ಥರ್ಮೋಕೋಲ್ ಮತ್ತು ಹೊಸ ಪ್ಲಾಸ್ಟಿಕ್ಕಿನ ವಾಸನೆ ವರಾಂಡದ ತುಂಬ ಹರಡಿತು. ಮಕ್ಕಳು ಕುಣಿದರು. ನನಗೆ ಮಾತ್ರ ಆ ವಾಸನೆ ಮೂಗಿಗೆ ಬಿದ್ದೊಡನೆ ಕಿವಿ ಬಿಸಿಯಾಯಿತು. ಹಿಂದೊಮ್ಮೆ ಇದೇ ವಾಸನೆಯ ನಡುವೆ ನಿಂತು ತಲೆ ತಗ್ಗಿಸಿದ್ದೆ... ಪಕ್ಕದಲ್ಲಿ ಆಗಿನ ನಮ್ಮ ಮುಖ್ಯೋಪಾಧ್ಯಾಯಿನಿ, ಹೆಡ್‌ಮಿಸ್ ಇದ್ದರು.

ಅವರದು ತಲೆಮಾರುಗಳ ಹಿಂದೆ ಮೇಲುಕೋಟೆ ಕಡೆಯಿಂದ ಮದರಾಸಿಗೆ ಬಂದ ಮನೆತನ. ನಮ್ಮ ತಂದೆ ರೈಲ್ವೆ ಕೆಲಸಕ್ಕೆಂದು ಚಾಮರಾಜನಗರದಿಂದ ಬಂದವರು. ಸ್ಟಾಫ್ ರೂಮಿನಲ್ಲಿ ನಾವಿಬ್ಬರೇ ಕನ್ನಡ ಆಡುತ್ತಿದ್ದುದು. ಅವರ ಕನ್ನಡದಲ್ಲಿ ಅರ್ಧ ತಮಿಳೇ ಇರುತ್ತಿತ್ತು.

ನಾನು ತಲೆ ತಗ್ಗಿಸಿದ ಆ ವರ್ಷ ಆಡಳಿತದವರು ಕರಿಹಲಗೆಗಳನ್ನು ತೆಗೆಸಿ, ಕೈ ತಾಗಿಸಿದರೆ ಚಿತ್ರ ಮೂಡುವ ದೊಡ್ಡ ಪರದೆಗಳನ್ನು ಹಾಕಿಸಿದರು. ನಾಳಿನ ಜಗತ್ತಿಗೆ ಮಕ್ಕಳನ್ನು ಹೇಗೆ ತಯಾರು ಮಾಡುತ್ತೇವೆಂದು ಪೋಷಕರಿಗೆ ತೋರಿಸಲು ಒಂದು ಕಾರ್ಯಕ್ರಮ. ಸಮಾಜ ಪಾಠ ಮಾಡಿ ತೋರಿಸುವ ಸರದಿ ನನಗೆ ಬಂತು. ನನ್ನ ಫೋನನ್ನು ಪರದೆಗೆ ಜೋಡಿಸಿ ನದಿಗಳ ನಕ್ಷೆ ತೆರೆಯಬೇಕಿತ್ತು. ಏನನ್ನು ಒತ್ತಿದೆನೋ... ನಕ್ಷೆಯ ಜಾಗದಲ್ಲಿ, ಬೆಳಿಗ್ಗೆ ಸಹೋದ್ಯೋಗಿಯೊಬ್ಬಳಿಗೆ ಇಂಗ್ಲಿಷಿನಲ್ಲಿ ಕಳಿಸಿದ್ದ ನನ್ನ ಸಂದೇಶ ಗೋಡೆಯಗಲ ಬೆಳಗಿತು. ‘ನನಗೆ ಇದರ ತಲೆಬುಡ ಗೊತ್ತಿಲ್ಲ. ಇವತ್ತು ಹೇಗೋ ನಟಿಸಿ ಮುಗಿಸುತ್ತೇನೆ.’ ಮುಂದಿನ ಸಾಲಿನ ತಂದೆಯೊಬ್ಬರು ಗಟ್ಟಿಯಾಗಿ ಓದಿದರು. ಸಭೆ ನಕ್ಕಿತು. ನನ್ನ ತರಗತಿಯ ಮಕ್ಕಳು ನಗಲಿಲ್ಲ, ಕಣ್ಣು ಕೆಳಗೆ ಹಾಕಿದರು. ಅದು ನಗುವಿಗಿಂತ ಕಷ್ಟವಾಗಿತ್ತು.

ಹೆಡ್‌ಮಿಸ್ ಎದ್ದು ನನ್ನ ಪಕ್ಕ ಬಂದು ನಿಂತರು. ತಮಿಳಿನಲ್ಲಿ ಸಭೆಗೆ ಹೇಳಿದರು: ಇವರು ಬರೆದದ್ದು ನಿಜ, ನನಗೂ ಇದು ಬರುವುದಿಲ್ಲ, ಈ ಮಕ್ಕಳು ದೊಡ್ಡವರಾದಾಗ ಯಾವ ಕೆಲಸ ಉಳಿದಿರುತ್ತದೆಂದು ನಿಮ್ಮಲ್ಲಿ ಯಾರಿಗಾದರೂ ಗೊತ್ತಿದ್ದರೆ ಹೇಳಿ. ಅವರು ಹುಡುಗಿಯೊಬ್ಬಳನ್ನು ಕರೆದು ಪರದೆ ಸರಿಮಾಡಿಸಿ, ತಾವು ಬೆಂಚಿನ ಮೇಲೆ ಕೂತರು.

ಆ ಮಾತು ಆಡಳಿತದವರಿಗೆ ಹಿಡಿಸಲಿಲ್ಲ. ಹೆಡ್‌ಮಿಸ್‌ಗೇ ಬಾರದು ಎಂದರೆ ಅಡ್ಮಿಷನ್ನಿಗೆ ಯಾರು ಬರುತ್ತಾರೆ ಎಂದು ಕೇಳಿದರಂತೆ. ನಿವೃತ್ತಿಯ ನಂತರ ಅವರಿಗೆ ಕೊಡುತ್ತೇವೆಂದಿದ್ದ ವಿಸ್ತರಣೆಯನ್ನು ಕೊಡಲಿಲ್ಲ. ಬೇಸಿಗೆಗೆ ಶಾಲು, ಹಣ್ಣಿನ ಬುಟ್ಟಿ ಕೊಟ್ಟು ಬೀಳ್ಕೊಟ್ಟರು. ನನ್ನಿಂದಲೇ ಹೀಗಾಯಿತೆಂದು ಗೇಟಿನ ಬಳಿ ನಾನು ಅತ್ತಾಗ ಸೀರೆಯ ಸೆರಗು ಸಿಕ್ಕಿಸಿಕೊಂಡು ಆಟೊ ಕರೆಯುತ್ತಲೇ ಹೇಳಿದರು:

“ಅಯ್ಯೋ, ಪೋದುಂ, ಸಾಕು ಸುಮ್ನಿರಮ್ಮ. ನಾಚಿಕೆ ಆಗ್ಲಿ ಬಿಡು. ಬೋರ್ಡ್ ಹತ್ರ ನಿಲ್ಸಿದ್ರೆ ಮಕ್ಕಳಿಗೆ ಡೈಲಿ ಹೀಗೇ ತಾನೇ ಆಗೋದು? ಶನಿವಾರ ಮನೆಗೆ ಬಾ. ಇಬ್ರೂ ಕಲಿಯೋಣ.”

ಬೆಸೆಂಟ್ ನಗರದ ಅವರ ಮನೆಯ ಊಟದ ಮೇಜೇ ನಮ್ಮ ಶಾಲೆಯಾಯಿತು. ಕಲಿಸುವವಳು ಆರನೇ ತರಗತಿಯ ಮೊಮ್ಮಗಳು. ನಾವು ತಪ್ಪು ಜಾಗ ಒತ್ತುತ್ತಿದ್ದೆವು, ಮಾಡಿದ್ದೆಲ್ಲ ಅಳಿಸಿಹೋಗುತ್ತಿತ್ತು, ಅವಳು ಗಲ್ಲಕ್ಕೆ ಕೈಯಿಟ್ಟು ಸುಮ್ಮನೆ ಕಾಯುತ್ತಿದ್ದಳು. ಯಂತ್ರಕ್ಕೆ ಪ್ರಶ್ನೆ ಕೇಳುವುದನ್ನೂ, ಅದು ಕೊಟ್ಟ ಉತ್ತರವನ್ನು ಅನುಮಾನಿಸುವುದನ್ನೂ ನಾನು ಅಲ್ಲೇ ಕಲಿತೆ. ಹೆಡ್‌ಮಿಸ್ ಅನುಮಾನಿಸುವುದರಲ್ಲಿ ನನಗಿಂತ ಬಹಳ ಮುಂದಿದ್ದರು.

ಆಮೇಲೆ ಒಂದು ಮಳೆಗಾಲದಲ್ಲಿ ಅವರಿಗೆ ಪಾರ್ಶ್ವವಾಯು ಬಡಿಯಿತು. ಬಲಗೈ ಹೋಯಿತು, ಮಾತೂ ಹೋಯಿತು. ಮಾತು ಮತ್ತೆ ಕಲಿಸುವ ಚಿತ್ರಗಳನ್ನು ಆಸ್ಪತ್ರೆಯವರು ಟ್ಯಾಬಿನಲ್ಲಿ ಹಾಕಿಕೊಟ್ಟಿದ್ದರು. ನಾನು ಹೋದ ದಿನ ಅದೇ ಮೇಜಿನ ಮೇಲೆ ಕೊಡೆಯ ಚಿತ್ರವಿತ್ತು. ಹೆಡ್‌ಮಿಸ್ ಅದನ್ನೇ ನೋಡುತ್ತ ತುಟಿ ಕೂಡಿಸಿದರು, ಬಿಟ್ಟರು, ಮತ್ತೆ ಕೂಡಿಸಿದರು. ಕುತ್ತಿಗೆಯ ನರ ಉಬ್ಬಿತು. ನನಗೆ ನೋಡಲಾಗಲಿಲ್ಲ.

“ಕೊಡೆ, ಮಿಸ್... ಕೊಡೆ,” ಎಂದುಬಿಟ್ಟೆ.

ಅವರು ತುಟಿ ಮುಚ್ಚಿದರು. ಎಡಗೈಯಿಂದ ಚಿತ್ರವನ್ನು ಮರೆಮಾಡಿ ಮುಖ ಗೋಡೆಯ ಕಡೆ ತಿರುಗಿಸಿದರು.

“ಆಂಟಿ, ನೀಂಗ ಸೊಲ್ಲಾದೀಂಗ,” ಎಂದಳು ಮೊಮ್ಮಗಳು ಮೆಲ್ಲಗೆ. “ಅಜ್ಜಿಯೇ ಸೊಲ್ಲಟ್ಟುಂ.”

ನೀವು ಹೇಳಬೇಡಿ, ಅಜ್ಜಿಯೇ ಹೇಳಲಿ. ಅಷ್ಟು ವರ್ಷ ಪಾಠ ಮಾಡಿದವಳು ನಾನು, ಒಂದು ಪದ ಬರುವವರೆಗೆ ಕಾಯಲಾರದೆ ಹೋಗಿದ್ದೆ. ಅಂದು ಆ ಹುಡುಗಿಯ ಮುಖ ನೋಡುವ ಧೈರ್ಯವಾಗಲಿಲ್ಲ. ಕಾಫಿ ಕುಡಿಯದೆ ಎದ್ದು ಬಂದೆ. ಮುಂದಿನ ವಾರ ಅವರು ‘ಕೊಡೆ’ ಎಂದರಂತೆ, ಫೋನಿನಲ್ಲಿ ಅವಳೇ ಹೇಳಿದಳು. ನನ್ನ ಎದುರು ಹೆಡ್‌ಮಿಸ್ ಮತ್ತೆ ಒಂದು ಪದವನ್ನೂ ಪ್ರಯತ್ನಿಸಲಿಲ್ಲ. ಹೋದಾಗಲೆಲ್ಲ ನಕ್ಕು, ಕೈ ಹಿಡಿದುಕೊಳ್ಳುತ್ತಿದ್ದರು. ಪೊಂಗಲ್ ಕಳೆದ ಮೇಲೆ ತೀರಿಕೊಂಡರು.

ಮೊನ್ನೆ ಹೊಸ ಯಂತ್ರಗಳ ಬಗ್ಗೆ ನಮಗೆಲ್ಲ ತರಬೇತಿ ಕೊಡಲು ಒಬ್ಬ ತರುಣ ಬಂದಿದ್ದ. ಮಗು ತಡವರಿಸಿದರೆ ಸಾಕು, ಯಂತ್ರವೇ ಉತ್ತರ ಹೇಳಿಕೊಡುತ್ತದೆ, ಇನ್ನು ಯಾವ ಟೀಚರೂ ಕಾಯಬೇಕಾಗಿಲ್ಲ ಎಂದ. ಹೆಡ್‌ಮಿಸ್ ಇದ್ದಿದ್ದರೆ ಎದ್ದು ನಿಂತು ಏನಾದರೂ ಕೇಳುತ್ತಿದ್ದರು. ಹಾಗಾದರೆ ಮಗು ತಾನೇ ಹೇಳುವುದು ಯಾವಾಗ ಎಂದು ಕೇಳುತ್ತಿದ್ದರೆಂದು ನನಗೆ ಗೊತ್ತಿತ್ತು. ನಾಲಗೆಯ ತುದಿಗೂ ಬಂದಿತ್ತು... ಸುತ್ತ ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.